ಒಂದು ಕುಟುಂಬ, ಮೂರು ಕೇರಿ: ಕಾರವಾರದಲ್ಲಿ ಮನೆ ಕೊಳ್ಳುವ ಮುನ್ನ

ಕರಾವಳಿಯಲ್ಲಿ ಮನೆ ಹುಡುಕುವವರು ಹೆಚ್ಚಾಗಿ ದೀಪಾವಳಿ ಕಳೆದ ಮೇಲೆ ಹೊರಡುತ್ತಾರೆ. ಮಳೆ ನಿಂತಿರುತ್ತದೆ, ಬಾವಿಯಲ್ಲಿ ಸಿಹಿನೀರಿರುತ್ತದೆ, ಗೋಡೆಗೆ ಹೊಸ ಬಣ್ಣ ಬಿದ್ದಿರುತ್ತದೆ. ಆ ಹೊತ್ತಿನಲ್ಲಿ ಕಾರವಾರದ ಯಾವ ಕೇರಿಯೂ ಕೆಟ್ಟದಾಗಿ ಕಾಣುವುದಿಲ್ಲ. ಮಕ್ಕಳು, ಮುದುಕರಿರುವ ಮನೆಗೆ ಆ ಕೇರಿ ಒಗ್ಗುತ್ತದೋ ಇಲ್ಲವೋ ಎಂಬುದು ತಿಳಿಯುವುದು ಮೇ ಕೊನೆಯಲ್ಲಿ ಮತ್ತು ಜುಲೈ ನಡುವಿನಲ್ಲಿ.

ಈ ಪ್ರಕರಣದ ಕುಟುಂಬ ಮತ್ತು ಕೋಡಿಬಾಗ, ಶಿರವಾಡ, ಹಬ್ಬುವಾಡ ಕೇರಿಗಳ ಮೂರು ಮನೆಗಳು ಮಾದರಿಗೆಂದು ಕಟ್ಟಿಕೊಂಡವು. ಅವುಗಳ ಬೆಲೆ ಮತ್ತು ಅಳತೆಗಳೂ ಹಾಗೆಯೇ. ಊರು, ಹೊಳೆ, ಗುಡ್ಡ, ಕಾನೂನು, ಶುಲ್ಕದ ದರ ಇವೆಲ್ಲ ಇದ್ದದ್ದು ಇದ್ದ ಹಾಗೆ.

ಮನೆಯಲ್ಲಿ ಐದು ಜನ. ಗಂಡ ಜಿಲ್ಲಾಮಟ್ಟದ ಕಚೇರಿಯೊಂದರಲ್ಲಿ ನೌಕರ. ಹೆಂಡತಿ ಕ್ರಿಮ್ಸ್ ಆಸ್ಪತ್ರೆಯಲ್ಲಿ ನರ್ಸ್, ಪಾಳಿಯ ಕೆಲಸ. ಮಗಳು 8ನೇ ತರಗತಿ, ಮಗ 2ನೇ ತರಗತಿ. ಅಜ್ಜಿಗೆ 72, ಮೊಣಕಾಲು ನೋವು. ಇರುವ ವಾಹನ ಒಂದು ಸ್ಕೂಟರ್. ಕೈಯಲ್ಲಿರುವ ಹಣ 18 ಲಕ್ಷ, ತೀರಿಸಬಲ್ಲ ಸಾಲ 34 ಲಕ್ಷ. ಎಲ್ಲ ಸೇರಿ 52 ಲಕ್ಷದೊಳಗೆ ಮುಗಿಯಬೇಕು. ಹುಡುಕಾಟ ಶುರುವಾದದ್ದು ಏಪ್ರಿಲ್‌ನಲ್ಲಿ. ಇದೇ ಅವರಿಗೆ ದೊಡ್ಡ ಅನುಕೂಲವಾಯಿತು, ಏಕೆಂದರೆ ನಾಲ್ಕು ತಿಂಗಳೊಳಗೆ ಎರಡೂ ಕಠಿಣ ಕಾಲಗಳನ್ನು ನೋಡಲು ಸಾಧ್ಯವಾಯಿತು.

ಊರಿನ ನೆಲ

ಕಾರವಾರದ ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಉತ್ತರಕ್ಕೆ ಕಾಳಿಯ ಅಳಿವೆ, ಪೂರ್ವಕ್ಕೂ ದಕ್ಷಿಣಕ್ಕೂ ಗುಡ್ಡ. ನಡುವಿನ ಪಟ್ಟಿಯಲ್ಲಿ ಊರು. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗುಡ್ಡದಿಂದ ಇಳಿದ ನೀರು ಗಟಾರ, ಹಳ್ಳಗಳ ಮೂಲಕ ಕಾಳಿಗೋ ಸಮುದ್ರಕ್ಕೋ ಸೇರಬೇಕು. ಅಮಾವಾಸ್ಯೆ, ಹುಣ್ಣಿಮೆಗಳ ದೊಡ್ಡ ಭರತಿಯಲ್ಲಿ (ಉಬ್ಬರದಲ್ಲಿ) ಸಮುದ್ರ ಸುಮಾರು 2 ಮೀಟರ್ ಏರುತ್ತದೆ. ಆಗ ಗಟಾರದ ತುದಿ ನೀರಿನಡಿ ಹೋಗಿ, ಒಳಗಿನ ಮಳೆನೀರಿಗೆ ದಾರಿ ಇಲ್ಲದಾಗುತ್ತದೆ. ಒಂದೇ ಪ್ರಮಾಣದ ಮಳೆ ಒಂದು ದಿನ ಅರ್ಧ ಗಂಟೆಯಲ್ಲಿ ಹರಿದುಹೋಗುವುದಕ್ಕೂ, ಇನ್ನೊಂದು ದಿನ ಮೂರು ಗಂಟೆ ಹೊಸ್ತಿಲ ಬಳಿ ನಿಲ್ಲುವುದಕ್ಕೂ ಇದೇ ಕಾರಣ. ಕಾಳಿಗೆ ಅಡ್ಡಲಾಗಿರುವ ಅಣೆಕಟ್ಟುಗಳಲ್ಲಿ ಕೊನೆಯದು ಕದ್ರಾ. 2019ರ ಆಗಸ್ಟ್‌ನಲ್ಲಿ ಅದರ ಗೇಟುಗಳಿಂದ ಭಾರಿ ನೀರು ಬಿಟ್ಟಾಗ ಕೆಳಗಿನ ನದಿದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತ್ತು. ಹೊಳೆಬದಿಯ ಮನೆ ನೋಡುವವರು ಆ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೇಳಲೇಬೇಕು.

ಗುಡ್ಡದ ಕಡೆಯದು ಬೇರೆ ಅಪಾಯ. ಮೇಲೆ ಗಟ್ಟಿ ಚಿರೇಕಲ್ಲಿನ ಪದರ, ಅದರಡಿ ಶೇಡಿಮಣ್ಣು. ಶೇಡಿ ಒಣಗಿದ್ದಾಗ ಗೋಡೆಯಂತೆ ನಿಲ್ಲುತ್ತದೆ. ನೀರು ಕುಡಿದರೆ ತನ್ನ ಭಾರಕ್ಕೇ ಜಾರುತ್ತದೆ. ಮನೆಗೋ ರಸ್ತೆಗೋ ಗುಡ್ಡವನ್ನು ನೇರವಾಗಿ ಕಡಿದಾಗ ಈ ಮೃದು ಪದರ ಬಯಲಾಗುತ್ತದೆ. 2009ರ ಅಕ್ಟೋಬರ್‌ನಲ್ಲಿ ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದು ಮನೆಗಳೊಂದಿಗೆ ಜನರೂ ಮಣ್ಣುಪಾಲಾದರು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಬಿತ್ತು. ಇವು ಮನೆ ಕೊಳ್ಳುವವರು ಪತ್ರಿಕೆಯಲ್ಲಿ ಓದಿ ಮರೆಯುವ ಸುದ್ದಿಗಳಲ್ಲ. ಸೈಟಿನ ಹಿಂಬದಿಯ ಗುಡ್ಡವನ್ನು ಹೇಗೆ ನೋಡಬೇಕೆಂಬುದನ್ನು ಇವೇ ಕಲಿಸುತ್ತವೆ.

ಅಂಕ ಕೂಡಿಸಿದರೆ ಎಲ್ಲಿ ತಪ್ಪುತ್ತದೆ

ಕುಟುಂಬ ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಶಾಲೆಗೆ 10, ಆಸ್ಪತ್ರೆಗೆ 10, ಗಾಳಿ-ಬೆಳಕಿಗೆ 10, ಬೆಲೆಗೆ 10 ಎಂದು ಪಟ್ಟಿ ಹಾಕಿ ಪ್ರತಿ ಮನೆಗೂ ಅಂಕ ಕೊಟ್ಟರು. ಕೋಡಿಬಾಗದ ಮನೆ ಮೊದಲು ಬಂತು, ಶಿರವಾಡದ್ದು ಎರಡನೆಯದು, ಹಬ್ಬುವಾಡದ್ದು ಕೊನೆಗೆ. ಈ ಲೆಕ್ಕದ ದೋಷವೆಂದರೆ, ಸಮುದ್ರದ ಗಾಳಿಗೆ ಸಿಕ್ಕ 9 ಅಂಕ ಉಪ್ಪುಬಾವಿಗೆ ಸಿಕ್ಕ 2ನ್ನು ಮುಚ್ಚಿಹಾಕುತ್ತದೆ. ಗಾಳಿ ಎಷ್ಟು ಚೆನ್ನಾಗಿದ್ದರೂ ಬಾವಿಯ ನೀರು ಸಿಹಿಯಾಗುವುದಿಲ್ಲ.

ಆದ್ದರಿಂದ ಮೊದಲು ಮೂರು ಪ್ರಶ್ನೆ, ಅಂಕ ಆಮೇಲೆ. ನೀರು ಅಥವಾ ಗುಡ್ಡ ಈ ಮನೆಯನ್ನು ತಲುಪುತ್ತದೆಯೇ? ಕಾಗದಪತ್ರ ಬ್ಯಾಂಕಿನ ವಕೀಲರ ಪರಿಶೀಲನೆಯಲ್ಲಿ ನಿಲ್ಲುತ್ತದೆಯೇ? 2ನೇ ತರಗತಿಯ ಹುಡುಗ ಹೆದ್ದಾರಿ ದಾಟದೆ ಶಾಲೆಗೆ ಹೋಗಬಹುದೇ? ಇವುಗಳಲ್ಲಿ ಒಂದಕ್ಕೆ ಉತ್ತರ ತಪ್ಪಿದರೂ, ಮತ್ತು ಆ ತಪ್ಪನ್ನು ಹಣ ಕೊಟ್ಟು ಸರಿಪಡಿಸಲಾಗದಿದ್ದರೆ, ಆ ಮನೆಯನ್ನು ಪಟ್ಟಿಯಿಂದ ತೆಗೆಯಬೇಕು. ಬೆಲೆ ಇಳಿಸಿದರೂ ವಾಪಸು ಸೇರಿಸಬಾರದು.

ಕೋಡಿಬಾಗದ ಮನೆ

2004ರಲ್ಲಿ ಕಟ್ಟಿದ ಚಿರೇಕಲ್ಲಿನ ಗೋಡೆ, ಆರ್‌ಸಿಸಿ ಸ್ಲ್ಯಾಬ್, 3 ಗುಂಟೆ, 42 ಲಕ್ಷ. ಪಾಗಾರದಾಚೆ ತೆಂಗಿನ ಸಾಲು, ಅದರಾಚೆ ಕಾಳಿ. ಅಜ್ಜಿಗೂ ಮಕ್ಕಳಿಗೂ ನೋಡಿದೊಡನೆ ಇಷ್ಟವಾದ ಮನೆ ಇದೇ.

ಬಾವಿಯ ಉಪ್ಪಿನ ಪರೀಕ್ಷೆಗೆ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿ.ಡಿ.ಎಸ್. ಮೀಟರ್ ಸಾಕು, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಆದರೆ ಯಾವಾಗ ಅಳೆಯುತ್ತೇವೆ ಎಂಬುದು ಮುಖ್ಯ. ಮಳೆಗಾಲದ ನಂತರ ಸಿಹಿನೀರಿನ ಒತ್ತಡ ಉಪ್ಪುನೀರನ್ನು ಹೊಳೆಯ ಕಡೆಗೆ ತಳ್ಳಿರುತ್ತದೆ. ಬೇಸಿಗೆಯಲ್ಲಿ ಅಂತರ್ಜಲ ಇಳಿದಂತೆ ಉಪ್ಪು ಒಳಗೆ ಬರುತ್ತದೆ. ಪಂಪ್ ಹೆಚ್ಚು ಓಡಿಸಿದಷ್ಟೂ ಬೇಗ ಬರುತ್ತದೆ. ಇಲ್ಲಿ ಏಪ್ರಿಲ್ ಮೊದಲ ವಾರ ಲೀಟರಿಗೆ 520 ಮಿ.ಗ್ರಾಂ ಇದ್ದದ್ದು ಮೇ ಹುಣ್ಣಿಮೆಯ ಭರತಿಯ ಹೊತ್ತಿಗೆ, ಅರ್ಧ ಗಂಟೆ ಪಂಪ್ ಓಡಿಸಿದ ಮೇಲೆ, 1,650 ಆಯಿತು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಸ್ವೀಕಾರಾರ್ಹ ಮಿತಿ 500, ಬೇರೆ ನೀರೇ ಇಲ್ಲದಿದ್ದರೆ ಗರಿಷ್ಠ 2,000. ಕಾನೂನಿನ ಲೆಕ್ಕಕ್ಕೆ 1,650 ದಾಟಿಹೋಗಿಲ್ಲ. ಆದರೆ ಬೇಳೆ ಬೇಯಿಸಲು, ಗಿಡಕ್ಕೆ ಹಾಕಲು ಆ ನೀರು ಬಾರದು. ಗೀಸರ್, ನಲ್ಲಿಗಳೂ ಬೇಗ ಕೆಡುತ್ತವೆ. ನಗರಸಭೆಯ ನಲ್ಲಿ ಇದೆ ಎಂದು ಮಾಲೀಕರು ಹೇಳುವುದು ನಿಜವೇ. ಆ ನೀರು ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯಲ್ಲಿ ಗಂಗಾವಳಿಯಿಂದ ಎತ್ತಿ ಬರುವುದು; ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಸರಬರಾಜಿಗೂ ಕುತ್ತು. ಅಂದರೆ ನಲ್ಲಿ ಕೈಕೊಡುವ ತಿಂಗಳಲ್ಲೇ ಬಾವಿಯೂ ಉಪ್ಪಾಗುತ್ತದೆ.

ಎರಡನೆಯದು ಕಬ್ಬಿಣ. ಸ್ಲ್ಯಾಬಿನ ಅಡಿಯಲ್ಲಿ ಸರಳಿನ ಗುಂಟ ನೇರ ಬಿರುಕುಗಳಿದ್ದವು, ಎರಡು ಕಡೆ ಸಿಮೆಂಟು ಉದುರಿ ತುಕ್ಕು ಕಾಣುತ್ತಿತ್ತು. ಕರಾವಳಿಯ ಬಯಲು ಗಾಳಿಗೆ ಒಡ್ಡಿದ ಕಾಂಕ್ರೀಟಿಗೆ ಭಾರತೀಯ ಮಾನಕ ಐ.ಎಸ್. 456 ಕೇಳುವುದು ಕನಿಷ್ಠ ಎಂ30 ದರ್ಜೆ ಮತ್ತು ಸರಳಿನ ಮೇಲೆ 45 ಮಿ.ಮೀ. ಹೊದಿಕೆ. ಹಳೆಯ ಮನೆಗಳಲ್ಲಿ ಹೊದಿಕೆ 20 ಮಿ.ಮೀ. ಇದ್ದರೆ ಹೆಚ್ಚು. ಅಳಿವೆಯ ಉಪ್ಪು ಮರಳನ್ನು ತೊಳೆಯದೆ ಬಳಸಿದ್ದರೆ ತುಕ್ಕು ಒಳಗಿನಿಂದಲೇ ಹುಟ್ಟುತ್ತದೆ, ಮೇಲೆ ಎಷ್ಟು ಪ್ಲಾಸ್ಟರ್ ಹಾಕಿದರೂ ನಿಲ್ಲುವುದಿಲ್ಲ. ಪರೀಕ್ಷೆ ಸುಲಭ: ಸಣ್ಣ ಸುತ್ತಿಗೆಯಿಂದ ಸ್ಲ್ಯಾಬಿನ ಅಡಿಯನ್ನು ಅಡಿಗೊಂದರಂತೆ ತಟ್ಟುತ್ತ ಹೋಗಬೇಕು. ಟೊಳ್ಳು ಸದ್ದು ಬಂದಲ್ಲಿ ಕಾಂಕ್ರೀಟು ಸರಳಿನಿಂದ ಬಿಟ್ಟಿದೆ.

ಮೂರನೆಯದು ಸಿ.ಆರ್.ಝಡ್., ಅಂದರೆ ಕರಾವಳಿ ನಿಯಂತ್ರಣ ವಲಯ. 2019ರ ಅಧಿಸೂಚನೆಯ ಪ್ರಕಾರ ಸಮುದ್ರದ ಕಡೆ ಭರತಿರೇಖೆಯಿಂದ 500 ಮೀಟರ್, ಉಬ್ಬರವಿಳಿತವಿರುವ ಹೊಳೆಯ ಕಡೆ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು, ನಿಯಂತ್ರಿತ ವಲಯ. ರೇಖೆ ಎಂದರೆ ಅನುಮೋದಿತ ಕರಾವಳಿ ವಲಯ ನಕ್ಷೆಯಲ್ಲಿ ಗುರುತಿಸಿದ್ದು. ನಾವು ನೋಡಿದ ದಿನ ನೀರು ನಿಂತಿದ್ದ ಅಂಚಲ್ಲ. ಈ ಮನೆ ರೇಖೆಯಿಂದ 35 ಮೀಟರ್ ದೂರ, ಅದೂ ರಸ್ತೆಯಿಂದ ಹೊಳೆಯ ಬದಿಗೆ. ನಗರಪ್ರದೇಶದ ವಲಯದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿರುವುದು ಈಗಾಗಲೇ ಇರುವ ರಸ್ತೆಯ ಅಥವಾ ಅಧಿಕೃತ ಕಟ್ಟಡದ ಭೂಬದಿಗೆ. ಮಗಳು ದೊಡ್ಡವಳಾದ ಮೇಲೆ ಮಹಡಿ ಏರಿಸುವ ಯೋಚನೆ ಕುಟುಂಬಕ್ಕಿತ್ತು. ಅದು ಸಿಗುತ್ತದೆಂದು ಯಾರ ಬಾಯಿಮಾತನ್ನೂ ನಂಬುವಂತಿಲ್ಲ, ನಗರಸಭೆಯ ಲಿಖಿತ ಉತ್ತರವೇ ಬೇಕು.

ಇಷ್ಟರ ಮೇಲೆ ಶಾಲೆಯ ದಾರಿ ರಾಷ್ಟ್ರೀಯ ಹೆದ್ದಾರಿ 66ನ್ನು ದಾಟುತ್ತದೆ. 2024ರ ಆಗಸ್ಟ್ 7ರಂದು ಕಾಳಿಯ ಹಳೆಯ ಸೇತುವೆ ಕುಸಿದು, ಎರಡೂ ದಿಕ್ಕಿನ ವಾಹನಗಳ ಭಾರ ಹೊಸ ಸೇತುವೆಯ ಮೇಲೆ ಬಿತ್ತು. ಸೇತುವೆಯ ಬುಡದ ಕೇರಿಗಳಲ್ಲಿ ಬೆಳಗಿನ 8ರಿಂದ 9ರ ಹೊತ್ತು ಮಗುವೊಂದು ರಸ್ತೆ ದಾಟುವುದನ್ನು ನಿಂತು ನೋಡಿದರೆ ಸಾಕು, ಬೇರೆ ಲೆಕ್ಕ ಬೇಡ. ಕೋಡಿಬಾಗದಲ್ಲಿ ಹೆದ್ದಾರಿ ದಾಟಬೇಕಿಲ್ಲದ, ಎತ್ತರದ, ಒಳ್ಳೆಯ ಮನೆಗಳೂ ಇವೆ. ಪಟ್ಟಿಯಿಂದ ಬಿದ್ದದ್ದು ಈ ಒಂದು ಮನೆ, ಇಡೀ ಕೋಡಿಬಾಗವಲ್ಲ.

ಶಿರವಾಡದ ಮನೆ

ಮೂರು ವರ್ಷದ ಹೊಸ ಮನೆ, 4 ಗುಂಟೆ, 44 ಲಕ್ಷ. ರೈಲು ನಿಲ್ದಾಣ ಹತ್ತಿರ, ಕೈಗಾ ಕಡೆಯ ರಾಜ್ಯ ಹೆದ್ದಾರಿ ಹತ್ತಿರ. ಬೆಲೆಗೆ ಸಿಗುವ ಜಾಗ ನೋಡಿದರೆ ಇದೇ ಲಾಭ.

ಹಿಂಬದಿಯಲ್ಲಿ ಗುಡ್ಡವನ್ನು 5 ಮೀಟರ್ ನೇರವಾಗಿ ಕಡಿದಿತ್ತು. ಅಡುಗೆಮನೆಯ ಗೋಡೆಗೂ ಕಡಿತಕ್ಕೂ ನಡುವೆ 2 ಮೀಟರ್. ಕಡಿತದ ಎತ್ತರದಷ್ಟಾದರೂ ದೂರ ಇರಬೇಕೆಂಬುದು ಮೊದಲ ನೋಟದ ಲೆಕ್ಕ. ಇಲ್ಲವಾದರೆ ನೀರು ಹೊರಬರುವ ರಂಧ್ರಗಳಿರುವ, ಎಂಜಿನಿಯರ್ ವಿನ್ಯಾಸ ಮಾಡಿದ ತಡೆಗೋಡೆ ಬೇಕು. ಇಲ್ಲಿ ಕಡಿತದ ಮೇಲ್ಭಾಗಕ್ಕೆ ಸಿಮೆಂಟು ಬಳಿದಿದ್ದರು. ಅದು ರಕ್ಷಣೆಯಲ್ಲ, ನೀರು ಒಳಗೇ ಕಟ್ಟಿ ಒತ್ತಡ ಹೆಚ್ಚುತ್ತದೆ. ಜೂನ್ ಕೊನೆಯ ವಾರ ಹೋದಾಗ ಬುಡದಲ್ಲಿ ಹೊಸ ಒರತೆ ಹುಟ್ಟಿ ಕೆಸರುನೀರು ಬರುತ್ತಿತ್ತು. ತಿಳಿನೀರಿನ ಒರತೆ ಕರಾವಳಿಯಲ್ಲಿ ಮಾಮೂಲು. ಕೆಸರು ಬಂದರೆ ಒಳಗೆ ಮಣ್ಣು ಕರಗುತ್ತಿದೆ ಎಂದೇ ಅರ್ಥ. ಮೇಲೆ ಹತ್ತಿ ನೋಡಿದರೆ ಅಂಚಿಗೆ ಸಮಾನಾಂತರವಾಗಿ ಬಿರುಕು. ಅಲ್ಲಿಗೆ ಈ ಮನೆಯ ವಿಚಾರ ಮುಗಿಯಿತು.

ಪತ್ರಗಳೂ ಬಲವಾಗಿರಲಿಲ್ಲ. ಪಂಚಾಯಿತಿ ಆಸ್ತಿಗೆ ನಮೂನೆ 9 ಮತ್ತು 11ಎ ಇರಬೇಕು, ಇಲ್ಲಿದ್ದದ್ದು ಕ್ರಮಬದ್ಧವಲ್ಲದ ಆಸ್ತಿಯ 11ಬಿ. ಅದಿದ್ದರೆ ಬ್ಯಾಂಕ್ ಸಾಲ ಕಷ್ಟ. ಗುಡ್ಡದಂಚಿನ ಸರ್ವೆ ನಂಬರುಗಳಲ್ಲಿ ಪಹಣಿಯ 9 ಮತ್ತು 11ನೇ ಕಾಲಂ ಎರಡನ್ನೂ ಓದಬೇಕು: ಒಂದರಲ್ಲಿ ಮಾಲೀಕರು, ಇನ್ನೊಂದರಲ್ಲಿ ಋಣ ಮತ್ತು ಇತರ ಹಕ್ಕುಗಳು. ಅರಣ್ಯ ಎಂಬ ಪದ ಎಲ್ಲಿ ಕಂಡರೂ ನಿಲ್ಲಬೇಕು. ಸೀಬರ್ಡ್ ನೌಕಾನೆಲೆ ಯೋಜನೆಯ ನಿರಾಶ್ರಿತರಿಗೆ ಕೊಟ್ಟ ನಿವೇಶನಗಳಾದರೆ ಮಂಜೂರಾತಿ ಆದೇಶದ ಷರತ್ತುಗಳನ್ನು, ಗೇಣಿ ಜಮೀನಾದರೆ ಭೂನ್ಯಾಯಮಂಡಳಿಯ ಅಂತಿಮ ಆದೇಶದ ದಿನಾಂಕವನ್ನು ನೋಡಬೇಕು. ಭೂಸುಧಾರಣಾ ಕಾಯ್ದೆಯ 61ನೇ ಕಲಂ ಆ ದಿನಾಂಕದಿಂದ 15 ವರ್ಷ ಮಾರಾಟಕ್ಕೆ ತಡೆ ಹಾಕುತ್ತದೆ.

ಹಬ್ಬುವಾಡದ ಮನೆ

1998ರ ಮನೆ, ಎರಡೂಕಾಲು ಗುಂಟೆ, ಕೇಳಿದ್ದು 48 ಲಕ್ಷ. ಕಿಟಕಿಯಿಂದ ಕಾಣುವುದು ಪಕ್ಕದವರ ಗೋಡೆ. ಸ್ಲ್ಯಾಬು ಸೋರುತ್ತಿತ್ತು. ಹಬ್ಬುವಾಡ ಎಂದೊಡನೆ ಮಳೆಗಾಲದಲ್ಲಿ ನೀರು ನಿಲ್ಲುವ ರಸ್ತೆ ಎಂಬ ಮಾತು ಊರಲ್ಲಿದೆ, ಅದಕ್ಕೇ ಅಂಕಪಟ್ಟಿಯಲ್ಲಿ ಇದು ಕೊನೆಗೆ ಹೋದದ್ದು. ಬಡಾವಣೆಯ ಹೆಸರು ಕೇಳಿ ತೀರ್ಮಾನಿಸುವುದು ಎಷ್ಟು ತಪ್ಪು ಎನ್ನುವುದಕ್ಕೆ ಈ ಮನೆಯೇ ಸಾಕ್ಷಿ.

ಪಾರದರ್ಶಕ ನೀರಿನ ಪೈಪಿನಿಂದ ಮಟ್ಟ ನೋಡಿದರು. ಗಾರೆಯವರು ದಿನವೂ ಬಳಸುವ ಉಪಕರಣ ಅದು. 20 ಮೀಟರ್ ಪೈಪು, ಇಬ್ಬರು ಜನ ಸಾಕು. ನೀರು ನಿಲ್ಲುವ ಮುಖ್ಯರಸ್ತೆಗಿಂತ ಈ ಓಣಿಯ ತಲೆ 70 ಸೆಂ.ಮೀ. ಎತ್ತರ, ಓಣಿಗಿಂತ ಮನೆಯ ಅಡಿಪಾಯದ ಮಟ್ಟ 55 ಸೆಂ.ಮೀ. ಎತ್ತರ. ಗಟಾರದ ಜೊತೆಗೇ ನಡೆದು ಅದು ಹಳ್ಳ ಸೇರುವವರೆಗೆ ಹೋದರು. ಒಂದೆಡೆ ಯಾರೋ ಗಟಾರದ ಮೇಲೆ ಚಪ್ಪಡಿ ಹಾಕಿ ಅಡಿಯಲ್ಲಿ 6 ಇಂಚಿನ ಪೈಪು ಇಟ್ಟಿದ್ದರು. ನೀರು ಹಿಂದಕ್ಕೆ ಒತ್ತುವುದು ಇಂಥಲ್ಲಿಂದಲೇ. ಅದೃಷ್ಟಕ್ಕೆ ಆ ಜಾಗ ಈ ಮನೆಯಿಂದ ಕೆಳಗಿತ್ತು. ಜುಲೈ ಅಮಾವಾಸ್ಯೆಯ ಭರತಿ ಮತ್ತು ಜೋರು ಮಳೆ ಕೂಡಿದ ದಿನ ಹೋಗಿ ನೋಡಿದಾಗ ಮುಖ್ಯರಸ್ತೆಯಲ್ಲಿ ಮೊಣಕಾಲುದ್ದ ನೀರು, ಓಣಿಯಲ್ಲಿ ಹರಿವು ಮಾತ್ರ. ದೋಷ ಇಲ್ಲದಿಲ್ಲ: ಅಂಥ ದಿನ ಹೊರಗೆ ಹೋಗಲು ಬಳಸುದಾರಿ ಹಿಡಿಯಬೇಕು, ಆಟೋ ಬಾಗಿಲಿಗೆ ಬಾರದು. ಅಜ್ಜಿಗೆ ತುರ್ತು ಬಂದರೆ ಹೇಗೆ ಎಂದು ಕೇಳಿಕೊಂಡು, ಹಿಂದಿನ ಕೂಡುರಸ್ತೆಗೆ ಆಂಬುಲೆನ್ಸ್ ಬರುತ್ತದೆಂದು ಖಚಿತಪಡಿಸಿಕೊಂಡ ಮೇಲೆಯೇ ಮುಂದುವರಿದರು.

ಮಳೆಗಾಲದವರೆಗೆ ಕಾಯಲಾಗದವರಿಗೂ ಗುರುತುಗಳು ಸಿಗುತ್ತವೆ. ಪಾಗಾರದ ಒಳಮೈಯಲ್ಲಿ ಪಾಚಿಯ ಅಡ್ಡಗೆರೆ, ಕಪಾಟಿನ ಹಿಂದಿನ ಗೋಡೆಯಲ್ಲಿ ಬಿಳಿ ಉಪ್ಪು, ನೆಲದಿಂದ ಮೂರಡಿಯವರೆಗೆ ಮಾತ್ರ ಹೊಸ ಬಣ್ಣ, ಪ್ಲಗ್ ಪಾಯಿಂಟುಗಳು ಅಸಹಜ ಎತ್ತರದಲ್ಲಿರುವುದು. ನೆರೆಮನೆಯವರ ಮೊಬೈಲಿನಲ್ಲಿ ಕಳೆದ ಜುಲೈನ ವಿಡಿಯೊ ಇದ್ದೇ ಇರುತ್ತದೆ. ಗ್ಯಾಸ್ ಸಿಲಿಂಡರ್ ತರುವವರು, ಹಾಲಿನವರು, ಆಶಾ ಕಾರ್ಯಕರ್ತೆ ಇವರಿಗೆ ಯಾವ ಓಣಿಯಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಡೆಂಗಿ ಬರುತ್ತದೆ ಎಂಬುದು ಮನೆ ಮಾರಿಸುವ ಏಜೆಂಟರಿಗಿಂತ ಚೆನ್ನಾಗಿ ಗೊತ್ತು.

ಬಾವಿ ಹಂಚಿಕೆಯದ್ದು, ಮೇನಲ್ಲಿ 310 ಮಿ.ಗ್ರಾಂ. ಆದರೆ ಪಕ್ಕದ ಮನೆಯ ಶೌಚದ ಇಂಗುಗುಂಡಿ ಬಾವಿಯಿಂದ 11 ಮೀಟರ್‌ನಲ್ಲಿತ್ತು; ಐ.ಎಸ್. 2470 ಹೇಳುವ ದೂರ 18 ಮೀಟರ್. ಸಣ್ಣ ಸೈಟುಗಳ ಹಳೆಯ ಕೇರಿಗಳಲ್ಲಿ ಇದು ಎಲ್ಲೆಡೆ ಇರುವ ತೊಂದರೆ. ಮಳೆಗಾಲದಲ್ಲಿ ನೀರಿನ ಮಟ್ಟ ಗುಂಡಿಯ ತಳಕ್ಕೆ ಏರಿದಾಗ ಕಲ್ಮಶ ನೇರವಾಗಿ ಬಾವಿಗೆ ಸೇರುತ್ತದೆ. ಟಿ.ಡಿ.ಎಸ್. ಮೀಟರ್ ಇದನ್ನು ತೋರಿಸುವುದಿಲ್ಲ, ಕೋಲಿಫಾರ್ಮ್ ಬ್ಯಾಕ್ಟೀರಿಯಾದ ಪರೀಕ್ಷೆ ಬೇಕು, ಅದೂ ಜುಲೈ ನೀರಿನಲ್ಲಿ. ಫಲಿತಾಂಶ ಕೆಟ್ಟದಾಗಿಯೇ ಬಂತು. ಪರಿಹಾರ: ಕುಡಿಯಲು ನಲ್ಲಿನೀರು ಕುದಿಸಿ, ಬಾವಿನೀರು ಸ್ನಾನ-ಬಟ್ಟೆಗೆ. ಹಣ ಮತ್ತು ಅಭ್ಯಾಸದಿಂದ ಸರಿಹೋಗುವ ದೋಷ, ಹಾಗಾಗಿ ಮನೆ ಪಟ್ಟಿಯಲ್ಲಿ ಉಳಿಯಿತು.

ಶಾಲೆಯ ದಾರಿಯನ್ನು ಮಗನ ಜೊತೆ, ಅವನ ಚೀಲ ಅವನ ಬೆನ್ನಿಗಿಟ್ಟು, ಬೆಳಗಿನ ಎಂಟೂಕಾಲಿಗೆ ನಡೆದರು. 17 ನಿಮಿಷ, ಹೆದ್ದಾರಿ ಇಲ್ಲ, ಒಂದೇ ದೊಡ್ಡ ತಿರುವು. ರಾತ್ರಿ ಒಂಬತ್ತಕ್ಕೆ ಆಸ್ಪತ್ರೆಯಿಂದ ಮನೆಯವರೆಗೆ ಬೀದಿದೀಪ ಎಣಿಸಿದರು: 24 ಕಂಬ, 5 ಉರಿಯುತ್ತಿರಲಿಲ್ಲ, ಆದರೆ ಎರಡು ಅಂಗಡಿ ತೆರೆದಿದ್ದವು. ಪಾಳಿ ಮುಗಿಸಿ ಬರುವ ಹೆಂಗಸಿಗೆ ಉರಿಯುವ ದೀಪಕ್ಕಿಂತ ತೆರೆದ ಅಂಗಡಿ ಹೆಚ್ಚಿನ ಧೈರ್ಯ. ಸಂಜೆ ಐದಕ್ಕೆ ಓಣಿಯಲ್ಲಿ ಏಳೆಂಟು ಮಕ್ಕಳು ಕ್ರಿಕೆಟ್ ಆಡುತ್ತಿದ್ದರು, ಎರಡು ಮನೆಯ ಜಗುಲಿಯಲ್ಲಿ ಅಜ್ಜಿಯರು ಕುಳಿತಿದ್ದರು. ಮಾಲಾದೇವಿ ಮೈದಾನ ಸೈಕಲ್ಲಿನ ದೂರ. ಯಾವ ಕೈಪಿಡಿಯಲ್ಲೂ ಅಂಕ ಕೊಡದ ಈ ಸಂಗತಿಗೆ ಹೆಚ್ಚು ತೂಕ ಕೊಡಬೇಕು: ತಂದೆ-ತಾಯಿ ಇಬ್ಬರೂ ಹೊರಗಿರುವ ಹೊತ್ತಿನಲ್ಲಿ ಮಗುವಿನ ಮೇಲೆ ಕಣ್ಣಿಡುವ ನೆರೆಯವರಿದ್ದಾರೆಯೇ?

ಪತ್ರ, ಹಣ, ಒಪ್ಪಂದ

ನಗರಸಭೆ ವ್ಯಾಪ್ತಿಯ ಆಸ್ತಿಗೆ ಇ-ಖಾತೆ ಇಲ್ಲದೆ ನೋಂದಣಿ ಆಗುವುದಿಲ್ಲ. ಇದ್ದದ್ದು ಕ್ರಮಬದ್ಧ ಆಸ್ತಿಯ ಎ ಖಾತೆಯೋ, ಅಲ್ಲದ್ದರ ಬಿ ಖಾತೆಯೋ ಎಂದು ಮೊದಲೇ ನೋಡಬೇಕು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ 30 ವರ್ಷದ ಋಣಭಾರ ಪ್ರಮಾಣಪತ್ರ ತೆಗೆದರು. ನಮೂನೆ 15ರಲ್ಲಿ ಹಳೆಯ ಅಡಮಾನವೊಂದು ಕಂಡಿತು, ಬ್ಯಾಂಕಿನ ಬಿಡುಗಡೆ ಪತ್ರ ತರಿಸಿದರು. ನಿಜವಾದ ಗಂಟು ಇದ್ದದ್ದು ಬೇರೆಡೆ. ಮಾಲೀಕರ ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರು, ಖಾತೆ ಇಬ್ಬರು ಗಂಡುಮಕ್ಕಳ ಹೆಸರಿಗೆ ಏರಿತ್ತು. ಮುಂಬೈಯಲ್ಲಿರುವ ಮಗಳ ಸಹಿ ಎಲ್ಲೂ ಇರಲಿಲ್ಲ. ಖಾತೆ ಎಂಬುದು ತೆರಿಗೆಯ ದಾಖಲೆ, ಒಡೆತನದ ಪುರಾವೆಯಲ್ಲ. ಅರ್ಧ ಸಂಸಾರ ಮುಂಬೈಯಲ್ಲಿರುವ ಕಾರವಾರದ ಮನೆತನಗಳಲ್ಲಿ ಇಂಥ ಬಿಟ್ಟುಹೋದ ಸಹಿ ಬಹಳ. ವಂಶವೃಕ್ಷ ಪಡೆದು, ಆಕೆಯನ್ನೂ ಮಾರಾಟಗಾರಳಾಗಿ ಪತ್ರದಲ್ಲಿ ಸೇರಿಸುವ ಷರತ್ತು ಹಾಕಿದರು. ಆಕೆ ಚವತಿಗೆ ಊರಿಗೆ ಬರುವವರಿದ್ದರು, ನೋಂದಣಿಯ ದಿನವನ್ನು ಆ ವಾರಕ್ಕೇ ಇಟ್ಟರು. ಬರಲಾಗದಿದ್ದರೆ ಅಲ್ಲಿನ ಉಪನೋಂದಣಾಧಿಕಾರಿಯ ಮುಂದೆ ದೃಢೀಕರಿಸಿದ ಮುಖ್ತ್ಯಾರುಪತ್ರ ಬೇಕಾಗುತ್ತಿತ್ತು.

ಸೋರುವ ಸ್ಲ್ಯಾಬು ಮತ್ತು ಜುಲೈನ ನೀರಿನ ವರದಿ ತೋರಿಸಿ 46 ಲಕ್ಷಕ್ಕೆ ಇಳಿಸಿದರು. ಮುದ್ರಾಂಕ ಶುಲ್ಕ ಶೇ 5, ಅಂದರೆ 2,30,000. ಅದರ ಮೇಲೆ ಶೇ 10 ಸೆಸ್ 23,000, ನಗರದ ಸರ್‌ಚಾರ್ಜ್ ಶೇ 2 ಎಂದರೆ 4,600. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿದೆ: 92,000. ಒಟ್ಟು 3,49,600 ರೂಪಾಯಿ. ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಬೆಲೆ ಹೆಚ್ಚಿದ್ದರೆ ಲೆಕ್ಕ ಅದರ ಮೇಲೆ. 30ರಿಂದ 75 ಲಕ್ಷದ ಸಾಲಕ್ಕೆ ಬ್ಯಾಂಕ್ ಕೊಡುವುದು ಗರಿಷ್ಠ ಶೇ 80, ಮತ್ತು ಈ ಶುಲ್ಕಗಳು ಸಾಲದ ಲೆಕ್ಕಕ್ಕೆ ಸೇರುವುದಿಲ್ಲ. ಹಲವರು ಎಡವುವುದು ಇಲ್ಲೇ: ಮುಂಗಡಕ್ಕೆ ಹಣ ಹೊಂದಿಸಿ ಶುಲ್ಕಕ್ಕೆ ಕೈಸಾಲ ಮಾಡುತ್ತಾರೆ. ಇಲ್ಲಿ 34 ಲಕ್ಷ ಸಾಲ, ಶೇ 8.5ರಲ್ಲಿ 20 ವರ್ಷಕ್ಕೆ ತಿಂಗಳ ಕಂತು ಸುಮಾರು 29,500. ಕೈಯಿಂದ 12 ಲಕ್ಷ ಮತ್ತು ಶುಲ್ಕ ಹೋಗಿ ಸುಮಾರು 2.5 ಲಕ್ಷ ಉಳಿಯಿತು. ಅದು ಸ್ಲ್ಯಾಬಿನ ಮೇಲಿನ ತಗಡಿನ ಚಾವಣಿ, ಹಳೆಯ ವೈರಿಂಗ್, ಅಜ್ಜಿಗೆ ಬಾಗಿಲ ಬಳಿ ಇಳಿಜಾರು ಮತ್ತು ಬಚ್ಚಲಲ್ಲಿ ಹಿಡಿಕೆ, ವಕೀಲರ ಶುಲ್ಕ ಇಷ್ಟಕ್ಕೆ ಮೀಸಲು.

ಒಪ್ಪಂದಪತ್ರದಲ್ಲಿ ನಾಲ್ಕು ಸಾಲು ಬರೆಸಿದರು. ಮೂವರು ವಾರಸುದಾರರೂ ಸಹಿ ಹಾಕಬೇಕು. ಬ್ಯಾಂಕಿನ ಕಾನೂನು ಅಭಿಪ್ರಾಯ ಪ್ರತಿಕೂಲವಾದರೆ ಮುಂಗಡ 15 ದಿನದಲ್ಲಿ ವಾಪಸು. ಬಾವಿ ಮತ್ತು ಅದಕ್ಕೆ ಹೋಗುವ ದಾರಿಯ ಹಕ್ಕು ಕ್ರಯಪತ್ರದಲ್ಲಿ ಗಡಿ ಸಹಿತ ನಮೂದಾಗಬೇಕು. ನೋಂದಣಿಯ ದಿನದವರೆಗಿನ ಆಸ್ತಿ ತೆರಿಗೆ, ನೀರಿನ ಕರ, ಹೆಸ್ಕಾಂ ಬಾಕಿ ಮಾರುವವರದು. ಬಾವಿಯ ಸಾಲು ಬಿಟ್ಟುಹೋಗುವುದೇ ಹೆಚ್ಚು. ಹಂಚಿಕೆಯ ಬಾವಿಗೆ ಮುಂದಿನ ತಲೆಮಾರಿನಲ್ಲಿ ಜಗಳ ಹುಟ್ಟುವುದು ಅಲ್ಲಿಂದಲೇ. ನೋಂದಣಿಯಾದ ವಾರವೇ ಖಾತೆ ಬದಲಾವಣೆಗೆ ನಗರಸಭೆಗೆ, ವಿದ್ಯುತ್ ಮೀಟರಿನ ಹೆಸರು ಬದಲಿಸಲು ಹೆಸ್ಕಾಂಗೆ ಅರ್ಜಿ ಹೋಯಿತು. ಗಟಾರದ ಮೇಲಿನ ಆ ಚಪ್ಪಡಿಯ ಬಗ್ಗೆ ಓಣಿಯ ಆರು ಮನೆಗಳವರ ಸಹಿಯೊಂದಿಗೆ ಇನ್ನೊಂದು ಅರ್ಜಿಯೂ ನಗರಸಭೆಗೆ ಹೋಯಿತು, ಮುಂದಿನ ಮೇ ತಿಂಗಳಿಗೆ ಮೊದಲು ಪೈಪು ತೆಗೆದು ಗಟಾರ ತೆರವು ಮಾಡಿಕೊಡಿ ಎಂದು.